ಕೇಳಿ, ಹೇಳ್ತೀವಿ: ಮಕ್ಕಳ ಜೇಬಿನ ಕಲ್ಲುಗಳು

ಪ್ರಶ್ನೆ: ಮಗಳು ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಪಟಪಟ ಹೇಳುತ್ತಾಳೆ. ಆದರೆ ದಾರಿಯಲ್ಲಿ ಸಿಕ್ಕ ಕಲ್ಲು ತಂದು "ಅಮ್ಮಾ, ಇದು ಯಾವುದು?" ಅಂದರೆ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡೋದು?
– ಒಬ್ಬ ತಾಯಿ, ತುಮಕೂರು

ಉತ್ತರ: ಮೂರು ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಕಲ್ಲನ್ನು ತೊಳೆದು, ಒದ್ದೆ ಇರುವಾಗಲೇ ಬಿಸಿಲಲ್ಲಿ ಹಿಡಿದು ನೋಡಲಿ. ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಕೇಳಬೇಕಾದ ಪ್ರಶ್ನೆ ಒಂದೇ: ಕಣ ಕಾಣುತ್ತಾ, ಕಂಡರೆ ಹೇಗಿವೆ?

ನಿಮ್ಮ ಕಡೆಯ ಜಲ್ಲಿ ಹೆಚ್ಚಾಗಿ ಗ್ರಾನೈಟು, ಇಲ್ಲವೇ ಅದರ ನೆಂಟ ನೈಸ್ (ಪಟ್ಟೆ ಪಟ್ಟೆಯಾಗಿರುವ ರೂಪಾಂತರ ಶಿಲೆ). ಒಡೆದ ಮುಖದಲ್ಲಿ ಗಾಜಿನಂಥ ಬೆಣಚು, ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ, ಮೂರೂ ಬರಿಗಣ್ಣಿಗೆ ಕಾಣುತ್ತವೆ. ಗ್ರಾನೈಟ್ ಆಗುವಾಗ ಕರಗಿದ ಶಿಲೆ ನೆಲದ ಆಳದಲ್ಲಿ ತುಂಬಾ ನಿಧಾನವಾಗಿ ಆರಿದ್ದರಿಂದ ಕಣಗಳಿಗೆ ದೊಡ್ಡದಾಗಲು ಪುರುಸೊತ್ತು ಸಿಕ್ಕಿತು. ಕರಗಿದ ಶಿಲೆ ಲಾವಾ ಆಗಿ ಮೇಲೆ ಹರಿದು ಬೇಗ ಆರಿದರೆ ಕಣ ಕಣ್ಣಿಗೇ ಬೀಳದಷ್ಟು ಸಣ್ಣ. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್ ಹೀಗೆ ಆದದ್ದು, ಸುಮಾರು 6.6 ಕೋಟಿ ವರ್ಷದ ಹಿಂದೆ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಪಟಿಕ ತನ್ನಿ. ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ (ಬಿಸಿನೀರಿನ ಕೆಲಸ ನಿಮ್ಮದೇ ಇರಲಿ) ಎರಡು ಲೋಟಕ್ಕೆ ಹಂಚಿ. ಒಂದನ್ನು ಐಸ್ ನೀರಲ್ಲಿಡಿ, ಇನ್ನೊಂದಕ್ಕೆ ಬಟ್ಟೆ ಸುತ್ತಿ ರಾತ್ರಿಯಿಡೀ ಅಲ್ಲಾಡಿಸದೆ ಬಿಡಿ. ಬೇಗ ತಣಿದದ್ದರಲ್ಲಿ ಸಣ್ಣ ಹರಳು, ನಿಧಾನಕ್ಕೆ ತಣಿದದ್ದರಲ್ಲಿ ದೊಡ್ಡ ಹರಳು. ಅಗ್ನಿಶಿಲೆ ಪಾಠದ ಮುಕ್ಕಾಲು ಭಾಗ ಅಷ್ಟರಲ್ಲೇ ಮುಗಿಯುತ್ತದೆ.

ಕಣಶಿಲೆಗೆ ಬಾಟಲಿ ಪ್ರಯೋಗ ಎಲ್ಲರಿಗೂ ಗೊತ್ತು: ಮಣ್ಣು, ಮರಳು, ಸಣ್ಣ ಕಲ್ಲು, ನೀರು ಹಾಕಿ ಕುಲುಕಿ ಇಟ್ಟರೆ ದಪ್ಪ ಕಣ ಕೆಳಗೆ, ನುಣುಪು ಮೇಲೆ. ಆದರೆ ಬಾಟಲಿಯಲ್ಲಿ ಆಗುವುದು ಬರೀ ಪದರ, ಕಲ್ಲಲ್ಲ. ಮೇಲಿನ ಭಾರಕ್ಕೆ ಒತ್ತಿ, ನೀರಿನ ಜೊತೆ ಬಂದ ಸುಣ್ಣವೋ ಸಿಲಿಕವೋ (ಬೆಣಚು ಆಗಿರುವುದು ಇದರಿಂದಲೇ) ಕಬ್ಬಿಣದ ತುಕ್ಕೋ ಕಣಗಳ ನಡುವೆ ಕೂತು ಅಂಟಿಸಿದ ಮೇಲೇ ಅದು ಕಲ್ಲಾಗುವುದು. ಈ ಮಾತನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಬಾದಾಮಿಯ ಮರಳುಗಲ್ಲು ಕೆಂಪಗಿರುವುದು ಕಬ್ಬಿಣದ ಆ ತುಕ್ಕಿನಿಂದಲೇ.

ಮನೆಯಲ್ಲಿ ಶಹಾಬಾದ್ ಕಲ್ಲಿನ ತುಂಡು ಇದೆಯಾ? ಅದು ಸುಣ್ಣದ ಕಲ್ಲು. ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಬಿಟ್ಟರೆ ಗುಳ್ಳೆ ಏಳುತ್ತದೆ. ಹಾಸಿದ ನೆಲದ ಮೇಲೆ ಮಾತ್ರ ಮಾಡಿಸಬೇಡಿ, ಕಲೆ ಹೋಗುವುದಿಲ್ಲ. ಅಮೃತಶಿಲೆಯ ಪುಡಿಗೂ ಹಾಗೇ ಗುಳ್ಳೆ ಬರುತ್ತದೆ, ಯಾಕೆಂದರೆ ಅದು ಒಂದು ಕಾಲದಲ್ಲಿ ಸುಣ್ಣದ ಕಲ್ಲೇ ಆಗಿತ್ತು.

ಹೀಗೆ ರೂಪಾಂತರ ಶಿಲೆಗೆ ಬಂದಿರಿ, ಅಲ್ವಾ? ಇಲ್ಲಿ ಒಂದು ಎಚ್ಚರಿಕೆ. "ಕಲ್ಲು ಕರಗಿ ಬದಲಾಯಿತು" ಅನ್ನಬೇಡಿ. ಪೂರ್ತಿ ಕರಗಿ ಮತ್ತೆ ಗಟ್ಟಿಯಾದರೆ ಅದು ಅಗ್ನಿಶಿಲೆ. ಗಟ್ಟಿಯಾಗಿದ್ದ ಹಾಗೇ, ಕಾವು ಮತ್ತು ಒತ್ತಡಕ್ಕೆ ಒಳಗಿನ ಕಣಗಳು ಬದಲಾಗಿ, ಎಷ್ಟೋ ಸಲ ಸಾಲುಗಟ್ಟಿ, ಬೇರೆ ಶಿಲೆಯೇ ಆಗುವುದು ರೂಪಾಂತರ. ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷದ ನೈಸ್ ಅದು, ಕಪ್ಪು ಬಿಳುಪು ಪಟ್ಟೆಗಳು ಕಾಣುತ್ತವೆ. ಜನ ಅದರ ಮೇಲೆ ಕೂತು ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ, ಕೆಳಗೆ ಒಂದು ಸಲವೂ ನೋಡದೆ.

ಪ್ರಶ್ನೆ: ನಮ್ಮ ಮುರಕಲ್ಲು ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ಮಗನ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ.
– ಓದುಗರು, ಮಂಗಳೂರು

ಉತ್ತರ: ಸಲೀಸಾಗಿ ಯಾವುದಕ್ಕೂ ಸೇರುವುದಿಲ್ಲ. ಹಳೆಯ ಶಿಲೆ ಇದ್ದಲ್ಲೇ ಶಿಥಿಲವಾಗಿ, ಮಳೆ ಮತ್ತು ಸೆಕೆಗೆ ಸಿಲಿಕ ಮುಂತಾದವು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಜಾಸ್ತಿ ಉಳಿದದ್ದು ಮುರಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಬರಹದಲ್ಲಿ ಈ ಗುಣವನ್ನೇ ವಿವರಿಸಿದ್ದಾನೆ. ಮಗ "ಮೂರೂ ಅಲ್ಲ" ಅಂತ ವಾದಿಸಿದರೆ ತಡೆಯಬೇಡಿ.

ಪ್ರಶ್ನೆ: ಇಬ್ಬರು ಗಂಡುಮಕ್ಕಳನ್ನು ಕಲ್ಲು ತೋರಿಸಲು ಎಲ್ಲಿಗೆ ಕರೆದುಕೊಂಡು ಹೋಗಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಬಾದಾಮಿ, ನಿಮಗೆ ಹತ್ತಿರ. ಗುಹೆಯ ಶಿಲ್ಪ ನೋಡಿದ ಮೇಲೆ ಪಕ್ಕದ ಬಂಡೆಯಲ್ಲಿ ಓರೆಯಾದ ಗೆರೆಗಳನ್ನು ಹುಡುಕಿಸಿ. ಮರಳು ತಂದ ನೀರಿನ ಹರಿವು ಯಾವ ಕಡೆಗಿತ್ತು ಅನ್ನುವುದನ್ನು ಆ ಗೆರೆಗಳ ಇಳಿಜಾರು ಹೇಳುತ್ತದೆ.

ಆಮೇಲೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ (ಮಳೆಗಾಲದಲ್ಲಿ ದೋಣಿ ಇರುವುದಿಲ್ಲ). ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಅದು, ಸುಮಾರು 8.8 ಕೋಟಿ ವರ್ಷ ಹಳೆಯದು. ಆರುವಾಗ ಕುಗ್ಗಿ ಬಿರುಕುಬಿಟ್ಟು ಕಂಬಗಳಾಗಿದೆ. ಒಂದೊಂದು ಕಂಬಕ್ಕೂ ಎಷ್ಟು ಮುಖ ಅಂತ ಮಕ್ಕಳೇ ಎಣಿಸಲಿ, ಐದು ಆರು ಮುಖದವು ಬೇಕಾದಷ್ಟು ಸಿಗುತ್ತವೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ ಇದೆ. ಎಲ್ಲಿ ಹೋದರೂ ಫೋಟೋ ತೆಗೆಯಿರಿ, ಕಲ್ಲು ಒಡೆದು ತರಬೇಡಿ. ಮನೆಗೆ ತರಲು ರಸ್ತೆ ಬದಿಯ ಜಲ್ಲಿ ಸಾಕು.

ಪ್ರಶ್ನೆ: ಹೊಲದಲ್ಲಿ ಕಲ್ಲು ಬೆಳೆಯುತ್ತೆ ಅಂತ ಅಜ್ಜಿ ಹೇಳ್ತಾರೆ. ನಿಜಾನಾ?
– ಏಳನೇ ಕ್ಲಾಸಿನ ಹುಡುಗ, ಹಾವೇರಿ

ಉತ್ತರ: ಅಜ್ಜಿ ಕಂಡದ್ದು ನಿಜ, ಕಾರಣ ಬೇರೆ ಕಣಪ್ಪ. ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ನೇಗಿಲು ಒಳಗಿನದನ್ನು ಮೇಲೆ ತರುತ್ತದೆ. ಹಾಗಾಗಿ ವರ್ಷ ವರ್ಷ ಹೊಸ ಕಲ್ಲು ಬಂದಂತೆ ಕಾಣುತ್ತದೆ. ನಿಜವಾಗಿ ಹೊಸ ಕಲ್ಲು ಈಗಲೂ ಹುಟ್ಟುತ್ತದೆ, ಆದರೆ ಹಾವೇರಿಯ ಹೊಲದಲ್ಲಲ್ಲ. ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿರುವ ಜ್ವಾಲಾಮುಖಿ ಆಗಾಗ ಲಾವಾ ಉಗುಳುತ್ತದೆ. ಅಲ್ಲಿನ ಕೆಲವು ಕಲ್ಲು ವಯಸ್ಸಿನಲ್ಲಿ ನಿನಗಿಂತ ಚಿಕ್ಕವು.