ರಜೆಯಲ್ಲಿದ್ದ ತಿಂಗಳುಗಳು ಅನುಭವಕ್ಕೆ ಸೇರುತ್ತವಾ?

ಪ್ರಶ್ನೆ: 2017ರ ಜೂನ್‌ನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದೆ, 2025ರ ಜೂನ್‌ನಲ್ಲಿ ಬಿಟ್ಟೆ. ನಡುವೆ 2021ರಲ್ಲಿ ಮಗಳು ಹುಟ್ಟಿದಾಗ 26 ವಾರ ಹೆರಿಗೆ ರಜೆ ಹಾಕಿದೆ. ಮಗುವಿಗೆ ಪದೇ ಪದೇ ಹುಷಾರು ತಪ್ಪುತ್ತಿತ್ತು, ಅದಕ್ಕೇ ಮತ್ತೆ 11 ತಿಂಗಳು ಸಂಬಳವಿಲ್ಲದ ರಜೆ. ರೆಸ್ಯೂಮೆಯಲ್ಲಿ 8 ವರ್ಷ ಅಂತ ಬರೆದಿದ್ದೆ. ಮೊನ್ನೆ ಇಂಟರ್‌ವ್ಯೂನಲ್ಲಿ ಎಚ್‌ಆರ್‌ನವರು, ‘ನಿಮ್ಮದು ಆರೂವರೆ ವರ್ಷ ಅಷ್ಟೇ ಅಲ್ವಾ’ ಎಂದರು. ನಾನು ಸುಳ್ಳು ಬರೆದ ಹಾಗಾಯಿತೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ, ನೀವು ಸುಳ್ಳು ಬರೆದಿಲ್ಲ. ಆದರೆ ಇನ್ನೊಂದು ಸಾಲು ಬರೆಯಬೇಕಿತ್ತು.

ಹೆರಿಗೆ ರಜೆಯ ವಿಷಯ ಮೊದಲು ಮುಗಿಸೋಣ, ಯಾಕೆಂದರೆ ಅದನ್ನು ಕಳೆದು ಲೆಕ್ಕ ಹಾಕಿದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಅದು ಕಾನೂನು ಕೊಟ್ಟ ಸಂಬಳ ಸಹಿತ ರಜೆ. ಮೊದಲು 12 ವಾರ ಇದ್ದದ್ದು 2017ರ ತಿದ್ದುಪಡಿಯಿಂದ 26 ವಾರ ಆಯಿತು. ಕೆಲಸ ಬಿಟ್ಟಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಹಣ, ಅಂದರೆ ಗ್ರಾಚ್ಯುಟಿಗೂ ಆ 26 ವಾರ ನಿರಂತರ ಸೇವೆಯೇ. ಅದೇ 8 ವರ್ಷದಲ್ಲಿ ನಿಮ್ಮ ಪಕ್ಕದ ಸಹೋದ್ಯೋಗಿ ಹಾಕಿದ ಗಳಿಕೆ ರಜೆ, ಕಾಯಿಲೆ ರಜೆಗಳನ್ನು ಯಾರಾದರೂ ಕೂಡಿಸಿ ಅವರ ಅನುಭವದಿಂದ ಕಳೆದಿದ್ದಾರಾ? ಹಾಗಿದ್ದ ಮೇಲೆ ಮಗು ಹೆತ್ತವಳದ್ದು ಮಾತ್ರ ಯಾಕೆ ಕಳೆಯಬೇಕು? ಇದನ್ನು ನೀವು ಇಂಟರ್‌ವ್ಯೂನಲ್ಲಿ ಸಮಾಧಾನವಾಗಿಯೇ ಹೇಳಬಹುದು. ಕ್ಷಮೆ ಕೇಳುವ ದನಿ ಬೇಡ.

ಉಳಿದ 11 ತಿಂಗಳ ಕಥೆ ಬೇರೆ. ಇಲ್ಲಿ ಜನ ಎರಡು ಮಾತನ್ನು ಕಲಸಿಬಿಡುತ್ತಾರೆ: ಕಂಪನಿಯಲ್ಲಿ ಎಷ್ಟು ವರ್ಷ ಇದ್ದಿರಿ ಅನ್ನುವುದು ಒಂದು, ಎಷ್ಟು ವರ್ಷ ಕೈಯಾರೆ ಕೆಲಸ ಮಾಡಿದಿರಿ ಅನ್ನುವುದು ಇನ್ನೊಂದು. ಮೊದಲನೆಯದು ನಿಮ್ಮ ರಿಲೀವಿಂಗ್ ಲೆಟರ್‌ನಲ್ಲಿದೆ, ಸೇರಿದ ದಿನದಿಂದ ಬಿಟ್ಟ ದಿನದವರೆಗೆ, 8 ವರ್ಷ. ಮಂಜೂರಾದ ರಜೆ ಸೇವೆಯನ್ನು ತುಂಡು ಮಾಡುವುದಿಲ್ಲ. ಹಾಗಾಗಿ ಗ್ರಾಚ್ಯುಟಿಯನ್ನೂ 8 ವರ್ಷಕ್ಕೇ ಕೇಳಿ. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದು ಒಂದು ವರ್ಷದ್ದು. ಮೊತ್ತ 52,000 ಇದ್ದರೆ ವರ್ಷಕ್ಕೆ 30,000 ರೂಪಾಯಿ, 8 ವರ್ಷಕ್ಕೆ 2,40,000. ಆ ರಜೆಯ ಹೆಸರಿನಲ್ಲಿ ಒಂದು ವರ್ಷ ಕತ್ತರಿಸಿ ಕೊಟ್ಟಿದ್ದರೆ ಸುಮ್ನೆ ಬಿಡಬೇಡಿ, ಲಿಖಿತವಾಗಿ ಕೇಳಿ.

ಪಿಎಫ್ ಪಿಂಚಣಿಯಲ್ಲಿ ಮಾತ್ರ ಆ ತಿಂಗಳುಗಳು ನಿಮಗೆ ಸಿಗುವುದಿಲ್ಲ. ಸಂಬಳ ಇಲ್ಲದ ಮೇಲೆ ವಂತಿಗೆಯೂ ಇಲ್ಲ, ಆ ದಿನಗಳನ್ನು ಎನ್‌ಸಿಪಿ, ಅಂದರೆ ವಂತಿಗೆ ಇಲ್ಲದ ದಿನಗಳು ಅಂತ ತೋರಿಸುತ್ತಾರೆ. ಪಿಂಚಣಿಗೆ 10 ವರ್ಷದ ಸೇವೆ ಬೇಕು ಅನ್ನುವುದು ನೆನಪಿರಲಿ. ಮುಂದಿನ ಕೆಲಸಕ್ಕೆ ಸೇರಿದ ಕೂಡಲೇ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯತ್ವದ) ಸಂಖ್ಯೆಯನ್ನೇ ಕೊಟ್ಟು ಖಾತೆ ವರ್ಗಾಯಿಸಿಕೊಳ್ಳಿ. ಹಣ ಬೇಕು ಅಂತ ಪೂರ್ತಿ ತೆಗೆದುಬಿಟ್ಟರೆ ಇಷ್ಟು ವರ್ಷದ ಸೇವೆಯೂ ಲೆಕ್ಕದಿಂದ ಹೋಗುತ್ತದೆ.

ಇನ್ನು ಕೈಯಾರೆ ಮಾಡಿದ ಕೆಲಸ. ಹೊಸ ಕಂಪನಿ ಅನುಭವವನ್ನು ಹೇಗೆ ಎಣಿಸಬೇಕು ಅಂತ ಹೇಳುವ ಕಾನೂನು ಇಲ್ಲ, ಅದು ಅವರವರ ಇಷ್ಟ. ಆ 11 ತಿಂಗಳಲ್ಲಿ ನೀವು ಕೋಡ್ ಬರೆದಿಲ್ಲ, ಬರೆದೆ ಅಂತ ಅನಿಸುವ ಹಾಗೆ ಹೇಳುವುದೂ ಬೇಡ. ಪಿಎಫ್ ಪಾಸ್‌ಬುಕ್ ನೋಡಿದರೆ ಖಾಲಿ ತಿಂಗಳುಗಳು ಹೇಗೂ ಕಾಣುತ್ತವೆ. ಅವರೇ ಕಂಡುಹಿಡಿದು ಕೇಳುವ ಮೊದಲು ನೀವೇ ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಒಟ್ಟು ಸೇವೆ 8 ವರ್ಷ, ಇದರಲ್ಲಿ ಮಗುವಿನ ಆರೈಕೆಗಾಗಿ 11 ತಿಂಗಳು ಸಂಬಳರಹಿತ ರಜೆ’ ಅಂತ ಒಂದೇ ಸಾಲು ಸಾಕು. ಕಾಯಿಲೆಯ ವಿವರ ಯಾರಿಗೂ ಕೊಡಬೇಕಿಲ್ಲ. ಅದರ ಬದಲು ವಾಪಸ್ ಬಂದ ಮೇಲಿನ ಸುಮಾರು ಮೂರು ವರ್ಷದ ಕೆಲಸವನ್ನು ಜಾಸ್ತಿ ವಿವರವಾಗಿ ಬರೆಯಿರಿ. ನಾನು ಹಲವು ವರ್ಷ ನೇಮಕಾತಿ ಮಾಡಿದವಳು. ರೆಸ್ಯೂಮೆ ಕೈಗೆ ಬಂದಾಗ ಮೊದಲು ನೋಡುತ್ತಿದ್ದದ್ದು ಇತ್ತೀಚೆಗೆ ಏನು ಮಾಡಿದ್ದಾರೆ ಅನ್ನುವುದನ್ನೇ, ನಾಲ್ಕು ವರ್ಷದ ಹಿಂದಿನ ರಜೆಯನ್ನಲ್ಲ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ, ಸೇರಿ 9 ವರ್ಷ ಆಯಿತು. ಅದರಲ್ಲಿ 3 ವರ್ಷ ಅಧ್ಯಯನ ರಜೆ ಹಾಕಿ ಪಿಎಚ್‌ಡಿ ಮುಗಿಸಿದೆ. ವಿಶ್ವವಿದ್ಯಾಲಯವೊಂದರಲ್ಲಿ ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದೇ?
— ಓದುಗ, ಧಾರವಾಡ

ಉತ್ತರ: ನಿಮಗೆ ಬೇಸರದ ಉತ್ತರವನ್ನೇ ಕೊಡಬೇಕಾಗಿದೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಆ ಹುದ್ದೆಯ ನೇರ ನೇಮಕಾತಿಗೆ ಪಿಎಚ್‌ಡಿ ಜೊತೆಗೆ ಕನಿಷ್ಠ 8 ವರ್ಷದ ಬೋಧನೆ ಅಥವಾ ಸಂಶೋಧನೆಯ ಅನುಭವ ಬೇಕು. ಪಿಎಚ್‌ಡಿಗೆ ಹಿಡಿದ ಕಾಲವನ್ನು ಅದರಲ್ಲಿ ಸೇರಿಸುವ ಹಾಗಿಲ್ಲ. ಯಾವ ರಜೆಯನ್ನೂ ತೆಗೆದುಕೊಳ್ಳದೆ ಪಾಠ ಮಾಡುತ್ತಲೇ ಸಂಶೋಧನೆ ಮಾಡಿದವರಿಗೆ ಮಾತ್ರ ಆ ಅವಧಿ ಬೋಧನಾ ಅನುಭವ. ಅಂದರೆ ನಿಮ್ಮದು 9 ಅಲ್ಲ, 6 ವರ್ಷ. ಮೂರು ವರ್ಷ ಓದಿದ್ದು ಒಳ್ಳೆಯ ಮೇಷ್ಟ್ರಾಗಲಿಕ್ಕೇ ಅಲ್ವಾ, ಅದನ್ನು ಹೀಗೆ ಬಿಟ್ಟುಬಿಡುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಅರ್ಜಿ ಪರಿಶೀಲಿಸುವವರು ನಿಯಮ ನೋಡುತ್ತಾರೆ. ಒಂದು ಕೆಲಸ ಮಾಡಿ, ರಜೆ ಮಂಜೂರಾದ ಆದೇಶ ಮತ್ತು ಮತ್ತೆ ಕರ್ತವ್ಯಕ್ಕೆ ಹಾಜರಾದ ವರದಿ ತೆಗೆದು ದಿನಾಂಕ ನೋಡಿ. ನೋಂದಣಿ ಆದ ಮೇಲೂ ರಜೆ ಶುರುವಾಗುವ ತನಕ ಪಾಠ ಮಾಡುತ್ತಿದ್ದರೆ, ಅಥವಾ ರಜೆ ಮುಗಿಸಿ ಬಂದ ಮೇಲೆ ಪ್ರಬಂಧ ಸಲ್ಲಿಸಿದ್ದರೆ, ಆ ತಿಂಗಳುಗಳನ್ನು ಬಿಟ್ಟುಕೊಡಬೇಡಿ. ಪ್ರಾಂಶುಪಾಲರಿಂದ ಸೇವಾ ಪ್ರಮಾಣಪತ್ರ ಪಡೆಯುವಾಗ ರಜೆಯ ಅವಧಿಯನ್ನು ಬೇರೆಯಾಗಿ ನಮೂದಿಸಿ ಕೊಡಲು ಕೇಳಿಕೊಳ್ಳಿ.