ಗ್ರೋತ್ ಫ್ಯಾಕ್ಟರ್ ಅಂದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಶುಗರ್ ಬಂದು 12 ವರ್ಷ ಆಯ್ತು. ಯೂರಿನ್ ಟೆಸ್ಟ್‌ನಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ 140 ಬಂದಿದೆ, ಆದ್ರೆ ಕಿಡ್ನಿ ಎಷ್ಟು ಸೋಸತ್ತೆ ಅಂತ ತೋರಿಸೋ ರಕ್ತದ ಕ್ರಿಯಾಟಿನಿನ್ ನಾರ್ಮಲ್. ಬಿಪಿ 136/84, ಅಂಥಾ ಜಾಸ್ತಿ ಏನಿಲ್ಲ, ಆದ್ರೂ ಲೊಸಾರ್ಟಾನ್ ಅನ್ನೋ ಬಿಪಿ ಮಾತ್ರೆ ಬರೆದಿದ್ದಾರೆ. ಕೇಳಿದ್ರೆ ಕಿಡ್ನಿಲಿ ಗ್ರೋತ್ ಫ್ಯಾಕ್ಟರ್ ಜಾಸ್ತಿ ಆಗಿರತ್ತೆ, ಅದಕ್ಕೂ ಇದು ಕೆಲಸ ಮಾಡತ್ತೆ ಅಂದ್ರು. ಬೆಳವಣಿಗೆ ಅಂದ್ರೆ ಒಳ್ಳೇದೇ ತಾನೆ? ಅಪ್ಪ ಮಾತ್ರೆ ಬೇಡ್ವೇ ಬೇಡ ಅಂತ ಹಟ ಹಿಡಿದಿದ್ದಾರೆ.

ಉತ್ತರ: ಹೆಸರು ಕೇಳಿದ್ರೆ ಹಾಗೆ ಅನ್ಸೋದು ಸಹಜ. ಗ್ರೋತ್ ಫ್ಯಾಕ್ಟರ್ ಅಂದ್ರೆ ಬೆಳಿ, ರಿಪೇರಿ ಮಾಡು ಅಂತ ಒಂದು ಜೀವಕೋಶ ಇನ್ನೊಂದಕ್ಕೆ ಹೇಳಿ ಕಳಿಸೋ ಪ್ರೋಟೀನ್. ಕೈ ಕುಯ್ಕೊಂಡ್ರೆ ಗಾಯ ಮಾಯೋಕೂ ಇವು ಬೇಕು, ಮಾಯ್ದ ಮೇಲೆ ಸುಮ್ಮನಾಗ್ತವೆ. ಶುಗರ್ ತುಂಬಾ ವರ್ಷ ಜಾಸ್ತಿ ಇದ್ದೋರ ಕಿಡ್ನಿಲಿ ಸುಮ್ಮನಾಗಲ್ಲ, ತೊಂದ್ರೆ ಅಲ್ಲೇ ಇರೋದು.

ಒಂದೊಂದು ಕಿಡ್ನಿಲೂ ಹತ್ತತ್ರ 10 ಲಕ್ಷ ಪುಟ್ಟ ಜರಡಿಗಳಿವೆ, ಗ್ಲಾಮೆರುಲಸ್ ಅಂತೀವಿ, ನೂಲಿನ ಉಂಡೆ ಥರ ಸುತ್ಕೊಂಡಿರೋ ಸಣ್ಣ ಸಣ್ಣ ರಕ್ತನಾಳಗಳು. ಆ ಎಳೆಗಳನ್ನ ಹಿಡಿದಿಟ್ಟುಕೊಳ್ಳೋ ಮೆಸ್ಯಾಂಜಿಯಲ್ ಕೋಶಗಳು ಸಕ್ಕರೆ ಜಾಸ್ತಿ ಆದಾಗ ಟಿಜಿಎಫ್ ಬೀಟಾ ಅನ್ನೋ ಗ್ರೋತ್ ಫ್ಯಾಕ್ಟರ್ ಬಿಡ್ತವೆ, ಅದರ ಮಾತು ಕೇಳಿ ತಾವೇ ಕೊಲಾಜೆನ್ ಸುರಿತವೆ, ಮಾಯ್ದ ಗಾಯದ ಕಲೆ ಗಟ್ಟಿಯಾಗಿರತ್ತಲ್ಲ ಅಂಥಾ ಸರಕೇ ಇದು, ಅದನ್ನ ಕರಗಿಸೋ ಎನ್ಜೈಮ್‌ಗಳ ಕೈನೂ ಟಿಜಿಎಫ್ ಬೀಟಾ ಕಟ್ಟಿಹಾಕತ್ತೆ, ಹೀಗೆ ವರ್ಷಗಟ್ಟಲೆ ತುಂಬ್ತಾ ತುಂಬ್ತಾ ನಾಳಗಳು ಒತ್ತಿ ಮುಚ್ಚಿಹೋಗ್ತವೆ. ಮುಚ್ಚಿದ ಜರಡಿ ಮತ್ತೆ ಹುಟ್ಟಲ್ಲ.

ವಿಇಜಿಎಫ್ ಅಂತ ಇನ್ನೊಂದಿದೆ. ಶುರುವಿನಲ್ಲಿ ಇದು ಜಾಸ್ತಿಯಾಗಿ ಜರಡಿ ಸಡಿಲ ಆಗಿ ಆಲ್ಬುಮಿನ್ ಸೋರೋಕೆ ಕಾರಣ ಆಗತ್ತೆ. ಹಾಗಂತ ಪೂರ್ತಿ ತಡೆದುಬಿಟ್ರೂ ಕಷ್ಟಾನೇ, ಅದನ್ನ ತಡೆಯೋ ಬೆವಾಸಿಜುಮ್ಯಾಬ್ ಅನ್ನೋ ಕ್ಯಾನ್ಸರ್ ಔಷಧಿ ತಗೊಂಡೋರಲ್ಲೂ ಯೂರಿನ್‌ನಲ್ಲಿ ಪ್ರೋಟೀನ್ ಹೋಗೋದುಂಟು. ಐಜಿಎಫ್-1 ಥರದವು ಮೊದಮೊದಲು ಕಿಡ್ನಿನೇ ಊದೋಕೆ ಕಾರಣ, ಆಗ ಅದು ಮಾಮೂಲಿಗಿಂತ ಜಾಸ್ತಿ ಸೋಸತ್ತೆ, ಹಾಗಾಗಿ ಒಳಗೆ ತೊಂದ್ರೆ ಶುರುವಾಗಿದ್ರೂ ರಕ್ತದಲ್ಲಿ ಕ್ರಿಯಾಟಿನಿನ್ ಏರಿರಲ್ಲ. ಕ್ರಿಯಾಟಿನಿನ್ ನಾರ್ಮಲ್ ಇದೆ ಅಂತ ನಿಶ್ಚಿಂತೆಯಾಗಿ ಇರಬೇಡಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಈಗ ಮಾತ್ರೆ ವಿಷಯ. ಆಂಜಿಯೋಟೆನ್ಸಿನ್ ಅನ್ನೋ ಹಾರ್ಮೋನ್ ಜರಡಿ ಒಳಗಿನ ಒತ್ತಡ ಏರಿಸೋದಲ್ದೆ ಟಿಜಿಎಫ್ ಬೀಟಾನೂ ಹೆಚ್ಚಿಸತ್ತೆ. ಲೊಸಾರ್ಟಾನ್ ಅದನ್ನ ತಡೆಯತ್ತೆ, ಅಂದ್ರೆ ಬಿಪಿ ಇಳಿಸೋದರ ಜೊತೆ ಕಲೆಗಟ್ಟೋ ಕೆಲಸಕ್ಕೂ ಲಗಾಮು. ಟೈಪ್ 2 ಶುಗರ್ ಇದ್ದು ಕಿಡ್ನಿ ಕೆಟ್ಟೋರಲ್ಲಿ ಇದು ಹಾಳಾಗೋ ವೇಗ ತಗ್ಗಿಸತ್ತೆ ಅಂತ 2001ರಲ್ಲೇ ದೊಡ್ಡ ಟ್ರಯಲ್‌ನಲ್ಲಿ ಗೊತ್ತಾಗಿದೆ. ಟಿಜಿಎಫ್ ಬೀಟಾನೇ ನೇರ ತಡೆದ್ರೆ ಆಯ್ತಲ್ಲ ಅಂತೀರೇನೋ. ಇಲಿಗಳಲ್ಲಿ ಚೆನ್ನಾಗೇ ಕೆಲಸ ಮಾಡ್ತು, ಮನುಷ್ಯರಲ್ಲಿ ಪ್ರಯೋಜನ ಕಾಣದೆ ಟ್ರಯಲ್ ನಿಲ್ಲಿಸಬೇಕಾಯ್ತು, ನನಗಂತೂ ಅದು ಬಹಳ ಬೇಜಾರಿನ ಸುದ್ದಿ.

ಅಪ್ಪನ 140 ಅನ್ನೋದು ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ (mg/g) ಆಗಿದ್ರೆ, 30ರ ಒಳಗೆ ನಾರ್ಮಲ್, 300 ದಾಟಿದ್ರೆ ಜೋರು, ಇವರು ಮಧ್ಯದಲ್ಲಿದ್ದಾರೆ, ತಡೆಯೋಕೆ ಒಳ್ಳೇ ಸಮಯ. ಜ್ವರ, ಯೂರಿನ್ ಇನ್ಫೆಕ್ಷನ್ ಇದ್ರೂ ಏರತ್ತೆ, ಹಾಗಾಗಿ ಮೂರು ತಿಂಗಳೊಳಗೆ ಇನ್ನೊಂದ್ಸಲ ಮಾಡಿಸಿ. ಮಾತ್ರೆ ಶುರುವಾದ 2ರಿಂದ 4 ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಬೇಕು, ಕ್ರಿಯಾಟಿನಿನ್ ಸ್ವಲ್ಪ ಏರಿದ್ರೆ ಗಾಬರಿಯಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ. ವಾಂತಿ ಭೇದಿ ಜೋರಾದ್ರೆ ಮಾತ್ರ ಅವತ್ತೇ ಫೋನ್ ಮಾಡಿ. ಮಂಡಿನೋವಿಗೆ ಅಂತ ಪೇನ್‌ಕಿಲ್ಲರ್ ನುಂಗೋ ಅಭ್ಯಾಸ ಇದ್ರೆ ಅದನ್ನೂ ಮರೀದೆ ಹೇಳಿ.