ಡ್ರಮ್ಮು ಮೇಲೇಳುತ್ತದೆ, ಒಲೆ ಮಾತ್ರ ಉರಿಯುವುದಿಲ್ಲ: ತ್ಯಾಜ್ಯ ಇನ್ನಷ್ಟು ಹಾಕಬೇಕೇ?

ಬೇಡ. ಇವತ್ತಿನಿಂದಲೇ ಹಾಕುವುದನ್ನು ನಿಲ್ಲಿಸಿ.

ನೀವು ಬರೆದಿರುವುದು ಇಷ್ಟು: ಸಾವಿರ ಲೀಟರ್ ಬಗ್ಗಡ (ನೀರಿನಲ್ಲಿ ಕಲಸಿದ ಸಗಣಿ, ತ್ಯಾಜ್ಯ) ಹಿಡಿಯುವ ಡೈಜೆಸ್ಟರ್, ಅಂದರೆ ಬಯೋಗ್ಯಾಸ್ ಟ್ಯಾಂಕು, ಸಗಣಿಯಿಂದ ಶುರು ಮಾಡಿದ್ದು, ಮೊದಲ ತಿಂಗಳು ಉರಿ ಚೆನ್ನಾಗಿತ್ತು. ಗ್ಯಾಸ್ ಹೆಚ್ಚಲಿ ಎಂದು ದಿನಕ್ಕೆ 5 ಕೆಜಿ ಇದ್ದ ಅಡುಗೆಮನೆ ತ್ಯಾಜ್ಯವನ್ನು 20 ಕೆಜಿಗೆ ಏರಿಸಿದಿರಿ. ಈಗ ಗ್ಯಾಸು ತುಂಬಿಕೊಳ್ಳುವ ಮೇಲಿನ ಡ್ರಮ್ಮು ಮೇಲೇಳುತ್ತದೆ, ಕಡ್ಡಿ ಗೀರಿದರೆ ಉರಿ ನಿಲ್ಲದೆ ಆರಿಹೋಗುತ್ತದೆ. ಡ್ರಮ್ಮಿನಲ್ಲಿ ತುಂಬಿರುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಗ್ಯಾಸು ಸರಿಯಾಗಿ ಉರಿಯಲು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೇನ್ (ಉರಿಯುವ ಅನಿಲ) ಇರಬೇಕು.

ಟ್ಯಾಂಕಿನೊಳಗೆ ಒಂದೇ ಬಗೆಯ ಜೀವಿ ಇರುವುದಿಲ್ಲ. ಒಂದು ಗುಂಪು ತ್ಯಾಜ್ಯವನ್ನು ಕರಗಿಸಿ ಆಮ್ಲ ಮಾಡುತ್ತದೆ. ಇವು ಚುರುಕು, ಎಷ್ಟು ಹಾಕಿದರೂ ತಿನ್ನುತ್ತವೆ. ಆ ಆಮ್ಲವನ್ನು ಮಿಥೇನ್ ಮಾಡುವ ಇನ್ನೊಂದು ಗುಂಪು ಬಹಳ ನಿಧಾನ. ಅವು ಒಂದಕ್ಕೆ ಎರಡಾಗಲು ದಿನಗಟ್ಟಲೆ ಬೇಕು. ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.8ರಿಂದ 7.4ರೊಳಗೆ ಇದ್ದರಷ್ಟೇ ಅವು ನೆಮ್ಮದಿಯಿಂದಿರುತ್ತವೆ. ನೀವು ತಿನ್ನಿಸಬೇಕಾದ್ದು ಈ ನಿಧಾನದವರ ಅಳತೆಗೆ. ಚುರುಕಿನವರ ಹಸಿವು ನೋಡಿ ಹಾಕುತ್ತ ಹೋದರೆ ಆಮ್ಲ ಮಿಕ್ಕುತ್ತದೆ, ಟ್ಯಾಂಕು ಹುಳಿಯಾಗುತ್ತದೆ, ಮಿಥೇನ್ ನಿಲ್ಲುತ್ತದೆ.

ನನ್ನ ಟ್ಯಾಂಕೂ ಒಮ್ಮೆ ಹೀಗೇ ಕೆಟ್ಟಿತ್ತು. ಹೊರಬಾಯಿಂದ ಒಂದು ಲೋಟ ಬಗ್ಗಡ ತೆಗೆದರೆ ಎಂದಿನ ಮಣ್ಣುವಾಸನೆ ಇಲ್ಲ; ವಾಂತಿಯಂತೆ ಮೂಗಿಗೆ ಅಡರುವ ಹುಳಿನಾತ. ಹಸಿರಿಗೆ ತಿರುಗಬೇಕಾದ ಪಿಎಚ್ ಪೇಪರ್ ಅದ್ದಿದ ಕೂಡಲೇ ಹಳದಿಯಾಯಿತು. ಅವತ್ತಿನಿಂದ ಉರಿ ನೋಡುವ ಮೊದಲು ಆ ಲೋಟದ ವಾಸನೆ ನೋಡುವುದು ನನಗೆ ರೂಢಿ. ಉರಿ ಕೆಡುವ ಎರಡು ಮೂರು ದಿನ ಮೊದಲೇ ವಾಸನೆ ಬದಲಾಗಿರುತ್ತದೆ.

ಈಗ ಮಾಡಬೇಕಾದ್ದು: ಒಂದು ವಾರ, ಹತ್ತು ದಿನ ಯಾವ ತ್ಯಾಜ್ಯವನ್ನೂ ಹಾಕಬೇಡಿ. ಉರಿಯದ ಗ್ಯಾಸನ್ನು ಬಯಲಿನಲ್ಲಿ ಬಿಟ್ಟುಬಿಡಿ. ಹತ್ತಿರ ಬೆಂಕಿ ಬೇಡ, ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಚೆನ್ನಾಗಿ ನಡೆಯುತ್ತಿರುವ ಬೇರೆ ಡೈಜೆಸ್ಟರಿನ ಬಗ್ಗಡ ಎರಡು ಮೂರು ಬಕೆಟ್ ಸಿಕ್ಕರೆ ಸುರಿಯಿರಿ, ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಸಿಗದಿದ್ದರೆ ಹಸಿ ಸಗಣಿ ಕಲಸಿ ಹಾಕಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡಾ ಅರ್ಧ ಕೆಜಿಯಷ್ಟನ್ನು ನೀರಿನಲ್ಲಿ ಕರಗಿಸಿ ಹಾಕಿ, ನಿಧಾನವಾಗಿ ಕಲಕಿ, ಮಾರನೆಯ ದಿನ ಮತ್ತೆ ಪರೀಕ್ಷಿಸಿ. ಅನೇಕರು ಸುಣ್ಣ ಹಾಕಲು ಹೇಳುತ್ತಾರೆ. ನಾನು ಹೇಳುವುದಿಲ್ಲ. ಸುಣ್ಣ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ತಟ್ಟನೆ ಇಳಿದು ಹೊರಗಿನ ಗಾಳಿ ಒಳನುಗ್ಗಬಹುದು. ಅಳತೆ ತಪ್ಪಿದರೆ ಪಿಎಚ್ ಮಿತಿಮೀರಿ ಏರುತ್ತದೆ.

ಉರಿ ಮರಳಿದ ಮೇಲೆ ದಿನಕ್ಕೆ ಒಂದು ಕೆಜಿಯಿಂದ ಶುರು ಮಾಡಿ. ವಾರಕ್ಕೊಂದು ಕೆಜಿಯಂತೆ ಏರಿಸಿ, 5 ಕೆಜಿಗೆ ನಿಲ್ಲಿ. ಈ 5 ಎಲ್ಲಿಂದ ಬಂತು ಅಂದರೆ: ಹಸಿ ಅಡುಗೆಮನೆ ತ್ಯಾಜ್ಯದ ಮುಕ್ಕಾಲು ಪಾಲು ನೀರು. ಗ್ಯಾಸ್ ಆಗಬಲ್ಲ ಒಣ ಸತ್ತ್ವ ಕೆಜಿಗೆ ಸುಮಾರು 200 ಗ್ರಾಂ. ಬಿಸಿ ಮಾಡುವ, ಕಲಕುವ ಏರ್ಪಾಡು ಇಲ್ಲದ ಸಣ್ಣ ಡೈಜೆಸ್ಟರ್ ಸಾವಿರ ಲೀಟರಿಗೆ ದಿನಕ್ಕೆ ಅಂಥ ಸತ್ತ್ವ ಒಂದು ಕೆಜಿಯಷ್ಟನ್ನು ನಿಶ್ಚಿಂತೆಯಿಂದ ಅರಗಿಸಿಕೊಳ್ಳುತ್ತದೆ. ನೀವು ನಾಲ್ಕು ಕೆಜಿ ಹಾಕುತ್ತಿದ್ದಿರಿ. ಸರಿಯಾಗಿ ನಡೆದರೆ ಆ 5 ಕೆಜಿಯಿಂದಲೇ ಹೆಚ್ಚುಕಡಿಮೆ ಅರ್ಧ ಘನ ಮೀಟರ್ ಗ್ಯಾಸ್ ಬರುತ್ತದೆ.

ಅಷ್ಟೇ ತ್ಯಾಜ್ಯದಿಂದ ಇನ್ನೂ ಹೆಚ್ಚು ಬೇಕಿದ್ದರೆ, ರುಬ್ಬಿ ಹಾಕಿ. ಸಣ್ಣದಾದಷ್ಟೂ ಬೇಗ ಕರಗುತ್ತದೆ. ಆದರೆ ಬೇಗ ಕರಗಿದರೆ ಆಮ್ಲವೂ ಬೇಗ ಹುಟ್ಟುತ್ತದೆ, ಹಾಗಾಗಿ ರುಬ್ಬಲು ಶುರು ಮಾಡಿದ ದಿನವೇ ಪ್ರಮಾಣ ಏರಿಸಬೇಡಿ. ಕಲಸಲು ಹೊಸ ನೀರಿನ ಬದಲು ಅರ್ಧದಷ್ಟು ಹೊರಬಂದ ಬಗ್ಗಡದ ತಿಳಿಯನ್ನೇ ಬಳಸಿ. ಕೊಚ್ಚಿಹೋಗುತ್ತಿದ್ದ ಜೀವಿಗಳು, ಹುಳಿ ತಡೆಯುವ ಕ್ಷಾರಗುಣ ಎರಡೂ ಟ್ಯಾಂಕಿಗೆ ಮರಳುತ್ತವೆ. ಪೂರ್ತಿ ಅದನ್ನೇ ಬಳಸಿದರೆ ಕಾಲಕ್ರಮೇಣ ಅಮೋನಿಯಾ ಕೂಡಿಕೊಂಡು ತೊಂದರೆಯಾದೀತು.

ಶಾಖದ ಕಡೆಗೂ ಗಮನವಿರಲಿ. ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ, 20ಕ್ಕಿಂತ ಇಳಿದರೆ ಗ್ಯಾಸ್ ಬಹಳ ಕುಗ್ಗುತ್ತದೆ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಟ್ಯಾಂಕಿನ ಸುತ್ತ ಹುಲ್ಲು ಕಟ್ಟಿ, ಹಾಕುವ ಪ್ರಮಾಣವನ್ನೂ ಇಳಿಸಿ. ನಿಂಬೆ, ಕಿತ್ತಳೆ ಸಿಪ್ಪೆ ರಾಶಿಗಟ್ಟಲೆ ಬೇಡ, ಅದರ ಎಣ್ಣೆ ಸೂಕ್ಷ್ಮಜೀವಿಗಳಿಗೆ ವಿಷ. ಕರಿದ ಎಣ್ಣೆ ಸ್ವಲ್ಪ ಬಿದ್ದರೆ ಗ್ಯಾಸ್ ಹೆಚ್ಚುತ್ತದೆ, ಜಾಸ್ತಿಯಾದರೆ ಮೇಲೆ ಕೆನೆಗಟ್ಟುತ್ತದೆ. ಫಿನಾಯಿಲ್ ನೀರು ಒಂದು ಹನಿಯೂ ಬೇಡ. ಮರದ ತುಂಡು, ತೆಂಗಿನ ಚಿಪ್ಪಿನಂಥವು ವರ್ಷವಾದರೂ ಕರಗದೆ ಜಾಗ ತಿನ್ನುತ್ತವೆ.

ನಾಳೆ ಬೆಳಿಗ್ಗೆ ಒಂದು ಲೋಟ ಬಗ್ಗಡ ತೆಗೆದು ಪಿಎಚ್ ನೋಡಿ, ಎಷ್ಟು ಬಂತು ಎಂದು ದಯವಿಟ್ಟು ಇಲ್ಲಿ ಬರೆಯಿರಿ. 5.5ಕ್ಕಿಂತ ಕೆಳಗಿದ್ದರೆ ಸೋಡಾದಿಂದ ರಿಪೇರಿ ಮಾಡುವುದಕ್ಕಿಂತ ಅರ್ಧ ಟ್ಯಾಂಕ್ ಖಾಲಿ ಮಾಡಿ ಸಗಣಿ ಬಗ್ಗಡ ತುಂಬುವುದು ಲೇಸು. ಅದನ್ನು ಹೇಗೆ ಮಾಡುವುದೆಂದು ಆಗ ವಿವರವಾಗಿ ಹೇಳುತ್ತೇನೆ.